ಮನೆ ಜಗಲಿಯಿಂದ ಯುರೋಪಿಗೆ: ಬೇಸಿಗೆಯ ಟಿಕೆಟ್ಟಿಗೆ ಯಾವ ದಾರಿ?

ಯುರೋಪಿನವರ ಬೇಸಿಗೆ ನಮಗೆ ಮುಂಗಾರು. ಜೂನ್ ಕೊನೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ; ಅದೇ ದಿನ ಆಗುಂಬೆ, ಹುಲಿಕಲ್ ಕಡೆ ಆರಿದ್ರ ಮಳೆ ಹಿಡಿದು ಹಗಲೇ ದೀಪ ಹಾಕಿಕೊಂಡು ಕೂತಿರುತ್ತೇವೆ. ಬೆಂಗಳೂರಿನವರಿಗೆಂದು ಬರೆದ ಟಿಕೆಟ್ ಸಲಹೆಗಳು ನಮ್ಮ ಮಲೆನಾಡಿನ ಕಡೆಯವರಿಗೆ ಪೂರ್ತಿ ಹೊಂದದಿರುವುದು ಇದಕ್ಕೇ. ಅವರು ವಿಮಾನ ಹತ್ತುವಲ್ಲಿಂದ ಲೆಕ್ಕ ಶುರು ಮಾಡುತ್ತಾರೆ. ನಾವು ತೋಟದ ಕೆಲಸ, ಘಾಟಿ ರಸ್ತೆ, ರಾತ್ರಿ ರೈಲು ಎಲ್ಲವನ್ನೂ ದಾಟಿ ವಿಮಾನ ನಿಲ್ದಾಣ ಮುಟ್ಟಬೇಕು.

ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಪರಿಚಿತರಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರದವು. "ಮಗಳು ಮ್ಯೂನಿಕ್‌ನಲ್ಲಿದ್ದಾಳೆ, ಬಾಣಂತನಕ್ಕೆ ಹೋಗಬೇಕು. ದುಬೈ ಮೇಲೆ ಹೋದರೆ ಕಡಿಮೆ ತೋರಿಸುತ್ತೆ, ಹೋಗಬಹುದಾ?" "ಮಂಗಳೂರಿಂದ ಅಗ್ಗವಂತೆ, ಹೌದಾ?" "ಶಿವಮೊಗ್ಗದಲ್ಲೇ ವಿಮಾನ ನಿಲ್ದಾಣ ಆಗಿದೆಯಲ್ಲ, ಅಲ್ಲಿಂದಲೇ ಹತ್ತಿದರೆ?" ಮೂರಕ್ಕೂ ಒಂದೇ ಉತ್ತರ ಇಲ್ಲ. ನಾನು ಏಜೆಂಟ್ ಅಲ್ಲ. ಮಗಳ ಮನೆಗೆ ನಾನೂ ನಮ್ಮನೆಯವರೂ ಮೂರು ಸಲ ಹೋಗಿಬಂದಿದ್ದೇವೆ. ಆಮೇಲೆ ನೆಂಟರಿಗೆ, ಊರಿನವರಿಗೆ ಟಿಕೆಟ್ ನೋಡಿಕೊಡುತ್ತ ಬಂದೆ. ಅದರಿಂದ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಅಳತೆಗೋಲು

ಮೊಬೈಲಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ವಿಮಾನದ ಸೀಟಿನ ಬೆಲೆ ಮಾತ್ರ. ನಿಮ್ಮ ಜೇಬಿನಿಂದ ಹೋಗುವುದು ಅದಕ್ಕಿಂತ ಹೆಚ್ಚು. ಆದ್ದರಿಂದ ಯಾವ ದಾರಿಯನ್ನೇ ತೂಗುವ ಮೊದಲು ಒಂದು ಹಾಳೆ ತೆಗೆದುಕೊಂಡು ಮನೆಯಿಂದ ಹೊರಟು ಮನೆಗೆ ವಾಪಸು ಬರುವ ತನಕದ ಖರ್ಚನ್ನೆಲ್ಲ ಬರೆಯಿರಿ: ಬಸ್ಸು ಅಥವಾ ರೈಲು, ದೇವನಹಳ್ಳಿಗೆ ಹೋಗುವ ಗಾಡಿ, ಮಧ್ಯೆ ಉಳಿಯಬೇಕಾದರೆ ರೂಮು, ಲಗೇಜಿಗೆ ಬೇರೆ ದುಡ್ಡು, ಅಲ್ಲಿ ಇಳಿದ ಮೇಲೆ ಮಗಳ ಊರಿಗೆ ರೈಲು.

ಎರಡನೆಯದು, ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದೆಯೋ, ಎರಡು ಬೇರೆ ಟಿಕೆಟ್ ಜೋಡಿಸಿದ್ದೋ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ನಿಮ್ಮನ್ನು ಗುರಿ ಮುಟ್ಟಿಸುವ ಹೊಣೆ ಕಂಪನಿಯದು. ಎರಡು ಬೇರೆ ಟಿಕೆಟ್ ಆದರೆ ಎರಡನೆಯ ಕಂಪನಿಗೆ ನೀವು ಹೊತ್ತಿಗೆ ಬಾರದ ಪ್ರಯಾಣಿಕರು, ಅಷ್ಟೇ.

ಮೂರನೆಯದು ಹೋಗುವವರು ಯಾರು ಅನ್ನುವುದು. ಇಪ್ಪತ್ತೈದರ ಹುಡುಗನಿಗೆ ಒಗ್ಗುವ ಟಿಕೆಟ್ ಅರವತ್ತೆಂಟರ ಅಮ್ಮನಿಗೆ ಒಗ್ಗುವುದಿಲ್ಲ. ಲಗೇಜು ನಾಲ್ಕನೆಯದು. ದಿನಾಂಕ ಬದಲಿಸಲು ಎಷ್ಟು ಕೊಡಬೇಕು ಅನ್ನುವುದು ಐದನೆಯದು; ಬಾಣಂತನಕ್ಕೆ ಹೋಗುವವರಿಗೆ ಇದು ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಗು ಕ್ಯಾಲೆಂಡರ್ ನೋಡಿ ಹುಟ್ಟುವುದಿಲ್ಲ.

ಕಂಪನಿಗಿಂತ ತಿಂಗಳು ಮುಖ್ಯ

ಯಾವ ವಿಮಾನ ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು ಯಾವ ತಿಂಗಳು ಅಂತ. ಒಂದೇ ವಿಮಾನದ ಒಂದೇ ಸೀಟು ಮೇ ಮೊದಲ ವಾರದಲ್ಲಿ ಒಂದು ಬೆಲೆ, ಜುಲೈನಲ್ಲಿ ಇನ್ನೊಂದು ಬೆಲೆ. ಆ ವ್ಯತ್ಯಾಸ ಕಂಪನಿ ಬದಲಿಸಿ ಉಳಿಸುವುದಕ್ಕಿಂತ ಎಷ್ಟೋ ಸಲ ದೊಡ್ಡದಾಗಿರುತ್ತದೆ.

ಯುರೋಪಿನ ಶಾಲೆಗಳಿಗೆ ಬೇಸಿಗೆ ರಜೆ ಇರುವುದು ಮುಖ್ಯವಾಗಿ ಜುಲೈ, ಆಗಸ್ಟ್‌ನಲ್ಲಿ. ಆಗ ಅಲ್ಲಿನವರೂ ಹೊರಡುತ್ತಾರೆ, ಅಲ್ಲಿರುವ ನಮ್ಮವರೂ ಊರಿಗೆ ಬರುತ್ತಾರೆ. ಆಗಸ್ಟ್ ಕೊನೆಗೆ ಇಲ್ಲಿಂದ ಅಲ್ಲಿಗೆ ಹೋಗುವ ವಿಮಾನ ತುಂಬಿರುತ್ತದೆ. ರಜೆಗೆ ಬಂದ ಸಂಸಾರಗಳು ವಾಪಸಾಗುವುದು, ಓದಲು ಹೋಗುವ ಮಕ್ಕಳು ಹೊರಡುವುದು ಎರಡೂ ಆ ಹೊತ್ತಿಗೇ. ಅಗ್ಗದ ಟಿಕೆಟ್ ಬೇಕಾದವರು ಜುಲೈಯಿಂದ ಆಗಸ್ಟ್ ಕೊನೆಯವರೆಗಿನ ಅವಧಿ ಬಿಟ್ಟು ಉಳಿದದ್ದನ್ನು ಯೋಚಿಸಿ.

ಉಳಿಯುವುದು ಎರಡು ಕಿಂಡಿ. ಒಂದು, ಏಪ್ರಿಲ್ ಕೊನೆಯಿಂದ ಮೇ. ನಮ್ಮ ಮಕ್ಕಳಿಗೆ ರಜೆ ಇರುತ್ತದೆ, ಅಲ್ಲಿ ವಸಂತ. ಆದರೆ ನಮ್ಮ ದೇಶದ ಟೂರ್ ಗುಂಪುಗಳು ಹೊರಡುವುದೂ ಮೇ ತಿಂಗಳಲ್ಲೇ ಆದ್ದರಿಂದ ಶಾಲೆ ಮುಗಿದ ಕೂಡಲೇ ಹೊರಟರೆ ಒಳ್ಳೆಯದು. ಎರಡು, ಸೆಪ್ಟೆಂಬರ್. ಅಲ್ಲಿ ಶಾಲೆ ಶುರುವಾಗಿರುತ್ತದೆ, ಚಳಿ ಇನ್ನೂ ಬಂದಿರುವುದಿಲ್ಲ, ರೂಮಿನ ಬಾಡಿಗೆಯೂ ಇಳಿಯುತ್ತದೆ.

ಅಡಿಕೆ ತೋಟ ಇರುವವರಿಗೆ ಈ ಲೆಕ್ಕ ಇನ್ನೂ ಸ್ಪಷ್ಟ. ಮುಂಗಾರು ಹಿಡಿಯುವ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಒಂದೂವರೆ ತಿಂಗಳ ಒಳಗೆ ಎರಡನೆಯ ಸಲ. ಮಳೆ ಬಿಡುವು ಕೊಟ್ಟ ದಿನ ಮರ ಹತ್ತುವ ಕೊನೆಗಾರ ಸಿಗಬೇಕು. ಜೂನ್, ಜುಲೈನಲ್ಲಿ ಯಜಮಾನರು ಮ್ಯೂನಿಕ್‌ನಲ್ಲಿ ಕೂತು ಫೋನಿನಲ್ಲಿ ಔಷಧಿ ಹೊಡೆಸುವುದನ್ನು ನಾನು ನೋಡಿದ್ದೇನೆ, ಅವರಿಗೂ ನೆಮ್ಮದಿ ಇರಲಿಲ್ಲ, ತೋಟಕ್ಕೂ ಹಿತವಾಗಲಿಲ್ಲ. ಎರಡನೆಯ ಔಷಧಿ ಮುಗಿದು ಕೊಯ್ಲು ಶುರುವಾಗುವ ಮೊದಲಿನ ಸೆಪ್ಟೆಂಬರ್, ತೋಟದವರಿಗೂ ಟಿಕೆಟ್ಟಿಗೂ ಒಟ್ಟಿಗೆ ಕೂಡಿಬರುವ ತಿಂಗಳು. ಗಣೇಶನ ಹಬ್ಬ ಮುಗಿಸಿ ಹೊರಟು ನವರಾತ್ರಿಗೆ ವಾಪಸು ಬಂದವರು ನಮ್ಮ ಕೇರಿಯಲ್ಲೇ ಇದ್ದಾರೆ. ಏಪ್ರಿಲ್, ಮೇನಲ್ಲಿ ಹೋಗುವುದಾದರೆ ತೋಟಕ್ಕೆ ನೀರು ಬಿಡುವವರನ್ನು ಗೊತ್ತು ಮಾಡಿಯೇ ಹೊರಡಿ.

ಮಂಗಳವಾರ ಬುಕ್ ಮಾಡಿದರೆ ಅಗ್ಗ, ಒಂದೇ ಟಿಕೆಟ್ ಮತ್ತೆ ಮತ್ತೆ ಹುಡುಕಿದರೆ ಬೆಲೆ ಏರಿಸುತ್ತಾರೆ ಅನ್ನುವ ಮಾತುಗಳನ್ನು ನಂಬಿ ಕಾಯಬೇಡಿ. ಲೆಕ್ಕಕ್ಕೆ ಬರುವುದು ಹೊರಡುವ ದಿನ: ಶುಕ್ರವಾರ, ಭಾನುವಾರಕ್ಕಿಂತ ವಾರದ ನಡುವೆ ಸಾಮಾನ್ಯವಾಗಿ ಕಡಿಮೆ. ಗೂಗಲ್ ಫ್ಲೈಟ್ಸ್‌ನಲ್ಲಿ ತಿಂಗಳಿಡೀ ದಿನಾಂಕವಾರು ಬೆಲೆ ಕಾಣುತ್ತದೆ, ಬೆಲೆ ಇಳಿದರೆ ಇಮೇಲ್ ಕಳಿಸುವ ಹಾಗೆಯೂ ಇಡಬಹುದು. ನಾಲ್ಕೈದು ತಿಂಗಳ ಮೊದಲೇ ನೋಡುತ್ತ ಬನ್ನಿ, ಎರಡು ಮೂರು ತಿಂಗಳಿರುವಾಗ ತೆಗೆದುಕೊಳ್ಳಿ. ಕೊನೇ ಗಳಿಗೆಯಲ್ಲಿ ಇಳಿಯುತ್ತದೆ ಅಂತ ಬೇಸಿಗೆಯ ಯುರೋಪ್ ಟಿಕೆಟ್ಟಿಗೆ ಕಾದವರು ಗೆದ್ದದ್ದನ್ನು ನಾನು ಕಂಡಿಲ್ಲ.

ಬೆಂಗಳೂರಿಂದ ನೇರ

ದೇವನಹಳ್ಳಿಯಿಂದ ಲುಫ್ತಾನ್ಸಾ ಫ್ರಾಂಕ್‌ಫರ್ಟಿಗೂ ಮ್ಯೂನಿಕ್‌ಗೂ, ಏರ್ ಫ್ರಾನ್ಸ್ ಪ್ಯಾರಿಸ್ಸಿಗೆ, ಕೆಎಲ್‌ಎಂ ಆಮ್‌ಸ್ಟರ್‌ಡ್ಯಾಮಿಗೆ, ಬ್ರಿಟಿಷ್ ಏರ್‌ವೇಸ್ ಮತ್ತು ವರ್ಜಿನ್ ಅಟ್ಲಾಂಟಿಕ್ ಲಂಡನ್ನಿಗೆ ಹಾರಿಸುತ್ತ ಬಂದಿವೆ. ಸುಮಾರು ಹತ್ತು ಗಂಟೆಯ ಪ್ರಯಾಣ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೆಯ ಟರ್ಮಿನಲ್ಲಿಗೆ ಬಂದಿವೆ. ಟ್ಯಾಕ್ಸಿಯವರಿಗೆ ಅದನ್ನು ಹೇಳಿಯೇ ಹತ್ತಿ.

ಬೆಲೆ ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು. ಅದಕ್ಕೆ ಬದಲಾಗಿ ಸಿಗುವುದು ಏನು? ಮಧ್ಯೆ ಇಳಿದು ಹತ್ತುವ ಕಷ್ಟ ಇಲ್ಲ, ಪೆಟ್ಟಿಗೆ ಕಳೆಯುವ ಸಂಭವ ಕಡಿಮೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಯುರೋಪಿಯನ್ ಒಕ್ಕೂಟದ 261ನೇ ನಿಯಮದ ಪ್ರಕಾರ ಒಕ್ಕೂಟದ ನೆಲದಿಂದ ಹೊರಡುವ ಯಾವ ವಿಮಾನಕ್ಕೂ ತಡವಾದರೆ ಪರಿಹಾರದ ಹಕ್ಕಿದೆ. ಆದರೆ ಇಲ್ಲಿಂದ ಅಲ್ಲಿಗೆ ಹೋಗುವಾಗ ಅದು ಸಿಗುವುದು ಒಕ್ಕೂಟದ ಕಂಪನಿಯ ವಿಮಾನವಾದರೆ ಮಾತ್ರ. 3,500 ಕಿಲೋಮೀಟರಿಗಿಂತ ದೂರದ ಪ್ರಯಾಣಕ್ಕೆ ಪರಿಹಾರ 600 ಯೂರೋ ತನಕ, ತಪ್ಪು ಕಂಪನಿಯ ಕೈಯಲ್ಲಿದ್ದದ್ದಾಗಿರಬೇಕು, ಹವಾಮಾನಕ್ಕೆ ಸಿಗುವುದಿಲ್ಲ. ಅಂದರೆ ಲುಫ್ತಾನ್ಸಾದಲ್ಲಿ ಹೋದರೆ ಎರಡೂ ಕಡೆ ಈ ರಕ್ಷಣೆ ಇದೆ, ಎಮಿರೇಟ್ಸ್‌ನಲ್ಲಿ ಹೋದರೆ ವಾಪಸು ಬರುವಾಗ ಮಾತ್ರ.

ನೇರ ವಿಮಾನದ ಬೆಲೆ ಇಳಿಸಲು ಒಂದು ಒಳ್ಳೆಯ ಉಪಾಯವಿದೆ. ಮಗಳು ಕಲೋನ್‌ನಲ್ಲಿದ್ದರೆ ಕಲೋನ್‌ಗೆ ಟಿಕೆಟ್ ಹುಡುಕಬೇಡಿ, ಫ್ರಾಂಕ್‌ಫರ್ಟ್ ತನಕ ಮಾತ್ರ ಹುಡುಕಿ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲೇ ದೂರದ ರೈಲುಗಳು ನಿಲ್ಲುತ್ತವೆ, ಕಲೋನ್ ಅಲ್ಲಿಂದ ಒಂದು ಗಂಟೆ ಚಿಲ್ಲರೆ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್‌ನಲ್ಲಿ ಕಟ್ಟಡದ ಕೆಳಗೇ ರೈಲು ನಿಲ್ದಾಣವಿದೆ, ಪ್ಯಾರಿಸ್ಸಿನ ಶಾರ್ಲ್ ದ ಗಾಲ್‌ನಲ್ಲಿಯೂ ವೇಗದ ರೈಲು ಸಿಗುತ್ತದೆ. ಹಾಗೆಯೇ, ಸುತ್ತಾಡಲು ಹೋಗುವವರು ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಪ್ಯಾರಿಸ್ಸಿನಿಂದ ವಾಪಸು ಬರುವ ಹಾಗೆ, ಎರಡು ಊರು ಹಾಕಿ ಒಂದೇ ಟಿಕೆಟ್ ಹುಡುಕಿ. ಮೊದಲ ಊರಿಗೇ ಮರಳಿ ಬರುವ ಖರ್ಚು ಮತ್ತು ಒಂದು ದಿನ ಉಳಿಯುತ್ತದೆ.

ಲಂಡನ್ ಬೇರೆ ಲೋಕ. ಯುರೋಪಿನ ಹೆಚ್ಚಿನ ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ. ಹೀಥ್ರೋದಲ್ಲಿ ಇಳಿದು ರೋಮ್‌ಗೋ ಪ್ಯಾರಿಸ್ಸಿಗೋ ಹೋಗುವ ಟಿಕೆಟ್ ಅಗ್ಗವಾಗಿ ಕಂಡರೂ, ನಮ್ಮ ಪಾಸ್‌ಪೋರ್ಟಿನವರಿಗೆ ಪ್ರವಾಸಿ ಷೆಂಗೆನ್ ವೀಸಾ ಒಂದೇ ಇದ್ದರೆ ವಿಮಾನ ಬದಲಿಸಲು ಅಲ್ಲಿನ ಟ್ರಾನ್ಸಿಟ್ ವೀಸಾ ಬೇಕು. ಬ್ರಿಟನ್ನಿನಿಂದ ಹೊರಡುವವರ ಮೇಲೆ ಅಲ್ಲಿನ ಸರಕಾರ ಪ್ರಯಾಣಿಕ ತೆರಿಗೆಯನ್ನೂ ಹಾಕುತ್ತದೆ: ಭಾರತದಷ್ಟು ದೂರಕ್ಕೆ ಎಕಾನಮಿಯಲ್ಲಿ 2025ರ ಏಪ್ರಿಲ್‌ನಿಂದ 90 ಪೌಂಡ್, 2026ರ ಏಪ್ರಿಲ್‌ನಿಂದ 102 ಪೌಂಡ್. ಎಕಾನಮಿಯಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಲಂಡನ್ ನೋಡಿ ಪ್ಯಾರಿಸ್ ನೋಡುವ ಯೋಜನೆ ಇದ್ದರೆ ಲಂಡನ್ನಿಗೆ ಹೋಗಿ ಪ್ಯಾರಿಸ್ಸಿನಿಂದ ವಾಪಸು ಬರುವ ಟಿಕೆಟ್ ಕೂಡ ನೋಡಿ, ಈ ತೆರಿಗೆ ಉಳಿಯಬಹುದು.

ಬೆಂಗಳೂರಿಂದ ಕೊಲ್ಲಿ ದೇಶಗಳ ಮೇಲೆ

ದುಬೈ ಮೇಲೆ ಎಮಿರೇಟ್ಸ್, ದೋಹಾ ಮೇಲೆ ಕತಾರ್ ಏರ್‌ವೇಸ್, ಅಬುಧಾಬಿ ಮೇಲೆ ಎತಿಹಾದ್, ಮಸ್ಕತ್ ಮೇಲೆ ಒಮಾನ್ ಏರ್, ಬಹ್ರೇನ್ ಮೇಲೆ ಗಲ್ಫ್ ಏರ್. ಒಂದೇ ಟಿಕೆಟ್ಟಿನಲ್ಲಿ ಇಲ್ಲಿಂದ ಅಲ್ಲಿಯ ತನಕ. ಜೇಬು ಬಿಗಿ ಇರುವ ಹೆಚ್ಚಿನವರಿಗೆ ನಾನು ಸೂಚಿಸುವುದು ಇದನ್ನೇ. ನೇರ ವಿಮಾನ ಹೋಗದ ಊರುಗಳಿಗೆ, ರೋಮ್, ಮಿಲಾನ್, ವಿಯೆನ್ನಾ, ಬಾರ್ಸಿಲೋನಾ ತರದವಕ್ಕೆ, ಹೇಗೂ ಒಂದು ಕಡೆ ಇಳಿಯಲೇಬೇಕು. ಕೊಲ್ಲಿಯಲ್ಲಿ ಇಳಿದರೆ ಒಂದು ಅನುಕೂಲ ಇದೆ: ಷೆಂಗೆನ್ ಒಳಗೆ ಹೋಗುವ ತಪಾಸಣೆ ಕೊನೆಯ ಊರಿನಲ್ಲೇ ಆಗುತ್ತದೆ. ಅದೇ ಫ್ರಾಂಕ್‌ಫರ್ಟ್ ಮೇಲೆ ರೋಮ್‌ಗೆ ಹೋದರೆ ತಪಾಸಣೆ ಫ್ರಾಂಕ್‌ಫರ್ಟಿನಲ್ಲಿ. 2025ರ ಅಕ್ಟೋಬರ್ 12ರಿಂದ ಅಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬೆರಳಚ್ಚು, ಮುಖದ ಚಿತ್ರ ದಾಖಲಿಸುವ ವ್ಯವಸ್ಥೆಯನ್ನು ಹಂತ ಹಂತವಾಗಿ ತಂದಿದ್ದಾರೆ, ಸಾಲು ಬೆಳೆಯುತ್ತದೆ. ಯುರೋಪಿನೊಳಗೆ ವಿಮಾನ ಬದಲಿಸುವುದಿದ್ದರೆ ನಡುವೆ ಎರಡೂವರೆ ಗಂಟೆಯಾದರೂ ಇಟ್ಟುಕೊಳ್ಳಿ.

ತೊಂದರೆಗಳೂ ಇವೆ. ಅಗ್ಗದ ಟಿಕೆಟ್ಟಿನಲ್ಲಿ ಕಾಯುವ ಹೊತ್ತು ಎಂಟು, ಹನ್ನೆರಡು ಗಂಟೆ ಇರಬಹುದು. ಮಂಡಿ ನೋವಿನವರಿಗೆ ಆ ನಿಲ್ದಾಣಗಳ ಉದ್ದವೇ ಒಂದು ಪ್ರಯಾಣ. ಬುಕ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ, ನಾಚಿಕೆ ಬೇಡ. ಆ ಭಾಗದ ಆಕಾಶ ಶಾಂತವಾಗಿಲ್ಲ ಅನ್ನುವುದನ್ನೂ ಮರೆಯುವಂತಿಲ್ಲ. 2025ರ ಜೂನ್ 23ರ ಸಂಜೆ ಕತಾರ್ ತನ್ನ ವಾಯುಪ್ರದೇಶವನ್ನು ಕೆಲವು ಗಂಟೆ ಮುಚ್ಚಿದಾಗ ದಾರಿ ಮಧ್ಯದ ವಿಮಾನಗಳು ಬೇರೆಲ್ಲೋ ಇಳಿದವು. ಇಂಥ ದಿನ ಕೈಹಿಡಿಯುವುದು ಒಂದೇ ಟಿಕೆಟ್ ಅನ್ನುವ ನಿಯಮವೇ. ದುಡ್ಡು ಕಟ್ಟುವ ಮೊದಲು ಆ ವಾರದ ಸುದ್ದಿ ನೋಡಿ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿ ನಾನು ಉದಾಹರಣೆಗೆ ಇಟ್ಟುಕೊಂಡದ್ದು, ನಿಮ್ಮ ದಿನದ ಬೆಲೆ ಹಾಕಿ ನೋಡಿಕೊಳ್ಳಿ. ಹೋಗಿಬರಲು ಒಬ್ಬರಿಗೆ ನೇರ ವಿಮಾನ 74,000 ರೂಪಾಯಿ, ಕೊಲ್ಲಿ ಮೇಲೆ 62,000. ಇಬ್ಬರಿಗೆ 24,000 ಉಳಿತಾಯ. ನೇರ ವಿಮಾನದ ಆ ಬೆಲೆಯಲ್ಲಿ ಪೆಟ್ಟಿಗೆ ಸೇರಿಲ್ಲದಿದ್ದರೆ ಅದಕ್ಕೆ ಇನ್ನಷ್ಟು ಸೇರಿಸಿ, ಅಂತರ ಹೆಚ್ಚುತ್ತದೆ. ಕೊಲ್ಲಿ ಟಿಕೆಟ್ಟಿನಲ್ಲಿ ಹತ್ತು ಗಂಟೆ ಕಾಯುವುದಿದ್ದು ಊಟ, ವಿಶ್ರಾಂತಿ ಕೋಣೆಗೆ ಖರ್ಚಾದರೆ ಅಂತರ ಕಿರಿದಾಗುತ್ತದೆ. ಇಬ್ಬರೂ ಗಟ್ಟಿಯಾಗಿದ್ದು ಕಾಯುವುದು ನಾಲ್ಕು ಗಂಟೆಯೊಳಗಿದ್ದರೆ ಕೊಲ್ಲಿಯೇ ಸರಿ. ಅಮ್ಮ ಒಬ್ಬರೇ, ಮೊದಲ ಸಲ, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು ಅಂದರೆ ಆ 12,000 ರೂಪಾಯಿಯನ್ನು ಉಳಿಸಬೇಡಿ. ನೇರ ವಿಮಾನದಲ್ಲಿ ಕಳಿಸಿ.

ಮುಂಬೈ, ದೆಹಲಿ, ಹೈದರಾಬಾದ್

ಮುಂಬೈ, ದೆಹಲಿಯಿಂದ ಯುರೋಪಿನ ಇನ್ನೂ ಹಲವು ಊರಿಗೆ ನೇರ ವಿಮಾನಗಳಿವೆ. ಸ್ವಿಸ್‌ನಲ್ಲಿ ಜ್ಯೂರಿಕ್‌ಗೆ, ಟರ್ಕಿಶ್‌ನಲ್ಲಿ ಇಸ್ತಾಂಬುಲ್‌ಗೆ ಹತ್ತಬೇಕಾದರೆ ಅಲ್ಲಿಗೇ ಹೋಗಬೇಕು. ಇಂಡಿಗೋ 2025ರ ಜುಲೈನಲ್ಲಿ ಮುಂಬೈಯಿಂದ ಆಮ್‌ಸ್ಟರ್‌ಡ್ಯಾಮ್ ಮತ್ತು ಮ್ಯಾಂಚೆಸ್ಟರಿಗೆ ಹಾರಾಟ ಶುರು ಮಾಡಿದ ಮೇಲೆ ಈ ದಾರಿಯಲ್ಲಿ ಪೈಪೋಟಿ ಬಂತು. ಬೆಂಗಳೂರಿಂದ ಮುಂಬೈ ಮೇಲೆ ಒಂದೇ ಟಿಕೆಟ್ಟಿನಲ್ಲಿ ಸಿಕ್ಕರೆ ತೂಗಿ ನೋಡಬಹುದು. ಪಾಕಿಸ್ತಾನ 2025ರ ಏಪ್ರಿಲ್ 24ರಂದು ಭಾರತದ ಕಂಪನಿಗಳಿಗೆ ತನ್ನ ಆಕಾಶ ಮುಚ್ಚಿದ್ದರಿಂದ ದೆಹಲಿಯಿಂದ ಯುರೋಪಿಗೆ ನಮ್ಮ ಕಂಪನಿಗಳ ವಿಮಾನಗಳು ಸುತ್ತುಬಳಸಿ ಹಾರಬೇಕಾಯಿತು; ಪ್ರಯಾಣದ ಹೊತ್ತು ಎಷ್ಟು ಅಂತ ನೋಡಿಯೇ ಟಿಕೆಟ್ ತೆಗೆಯಿರಿ. ಹೈದರಾಬಾದಿನಿಂದಲೂ ಫ್ರಾಂಕ್‌ಫರ್ಟ್, ಲಂಡನ್‌ಗೆ ನೇರ ವಿಮಾನವಿದೆ. ನಮ್ಮ ಕಡೆಯವರಿಗೆ ಇವೆಲ್ಲ ಎರಡನೇ ಸಾಲಿನ ಆಯ್ಕೆಗಳು.

ಸೋಗಾನೆಯಿಂದ ಹತ್ತಿದರೆ

ಶಿವಮೊಗ್ಗದ ವಿಮಾನ ನಿಲ್ದಾಣ ಇರುವುದು ಸೋಗಾನೆಯಲ್ಲಿ. ಅದು 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ 31ಕ್ಕೆ ಪ್ರಯಾಣಿಕರ ವಿಮಾನ ಬಂತು. ಕುವೆಂಪು ಹೆಸರಿನ ಆ ಕಟ್ಟಡದಲ್ಲಿ ಮೊದಲ ಸಲ ಕಾಲಿಟ್ಟಾಗ ನನಗೆ ಕಣ್ಣು ತುಂಬಿ ಬಂದಿತ್ತು. ಅಲ್ಲಿಂದಲೇ ಹತ್ತಿ ಯುರೋಪ್ ಸೇರಬೇಕೆನ್ನುವ ಆಸೆ ನನಗೂ ಇದೆ. ಆದರೂ ಈಗ ಟಿಕೆಟ್ ನೋಡುವವರಿಗೆ ಹೇಳುವ ಮಾತು ಬೇರೆ.

ಇಲ್ಲಿಂದ ಹೊರಡುವ ವಿಮಾನದ ಟಿಕೆಟ್ ಬೇರೆ, ಯುರೋಪಿನ ಟಿಕೆಟ್ ಬೇರೆ ಆದರೆ ಎರಡು ತೊಡಕು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಬಿಡುವುದು 15 ಕಿಲೋ. ನಿಮ್ಮ ಪೆಟ್ಟಿಗೆ 23 ಕಿಲೋ. ಮೇಲಿನ ಎಂಟು ಕಿಲೋಗೆ ದುಡ್ಡು ಕಟ್ಟಬೇಕು. ಎರಡನೆಯದು, ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ವಿಮಾನ ತಡವಾಗಬಹುದು, ರದ್ದೂ ಆಗಬಹುದು. ಅದೇ ರಾತ್ರಿಯ ಫ್ರಾಂಕ್‌ಫರ್ಟ್ ವಿಮಾನ ನಿಮಗಾಗಿ ನಿಲ್ಲುವುದಿಲ್ಲ. ಮುಂದಿನ ಕಂಪನಿಯ ಜೊತೆ ಒಂದೇ ಟಿಕೆಟ್ಟಿನಲ್ಲಿ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಏಪ್ರಿಲ್, ಮೇನಲ್ಲಿ, ಒಂದು ದಿನ ಮೊದಲೇ ಹೋಗಿ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಉಳಿಯುವವರಿಗೆ ಮಾತ್ರ ಇದು ಸರಿ.

ಉಳಿದವರಿಗೆ ರೈಲು. ತಾಳಗುಪ್ಪದಿಂದ ಸಾಗರ, ಶಿವಮೊಗ್ಗ ಮೇಲೆ ಹೋಗುವ ರಾತ್ರಿಯ ಮೈಸೂರು ರೈಲು ಬೆಳಗಿನ ಜಾವ ಬೆಂಗಳೂರಿಗೆ ಮುಟ್ಟುತ್ತದೆ. ಬೆಳಗಿನ ಜನಶತಾಬ್ದಿಯೂ ಇದೆ. ಮೆಜೆಸ್ಟಿಕ್‌ನಿಂದ ಬಿಎಂಟಿಸಿಯ ವಾಯುವಜ್ರ ಬಸ್ಸು ಹಗಲೂ ರಾತ್ರಿಯೂ ಸಿಗುತ್ತದೆ. ಮೂರು ನಾಲ್ಕು ಜನ, ಆರೇಳು ಪೆಟ್ಟಿಗೆ ಇದ್ದರೆ ಮನೆಯಿಂದಲೇ ಕಾರು ಮಾಡಿಕೊಂಡು ಹೋಗುವುದೇ ಲೆಕ್ಕಕ್ಕೆ ಸರಿಬರುತ್ತದೆ. ಶಿವಮೊಗ್ಗದಿಂದ ದೇವನಹಳ್ಳಿಗೆ ಆರೇಳು ಗಂಟೆ ಇಟ್ಟುಕೊಳ್ಳಿ.

ಮಂಗಳೂರಿನ ಆಸೆ

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯವರಿಗೆ ಬೆಂಗಳೂರಿಗಿಂತ ಮಂಗಳೂರಿನ ಬಜ್ಪೆ ನಿಲ್ದಾಣ ಹತ್ತಿರ. ಅಲ್ಲಿಂದ ದುಬೈ, ಅಬುಧಾಬಿಗೆ ನೇರ ವಿಮಾನಗಳಿವೆ, ಕೆಲವೊಮ್ಮೆ ಬಹಳ ಅಗ್ಗ. ಅಲ್ಲಿಂದ ಇನ್ನೊಂದು ಟಿಕೆಟ್ ಜೋಡಿಸಿದರೆ ಒಟ್ಟು ಮೊತ್ತ ಕಣ್ಣಿಗೆ ಕಡಿಮೆ ಕಾಣುತ್ತದೆ.

ನಮ್ಮ ಭಾವನವರು ಎರಡು ವರ್ಷದ ಹಿಂದೆ ಹೀಗೇ ಮಾಡಿದರು. ಎರಡು ಬೇರೆ ಕಂಪನಿ, ನಡುವೆ ಐದು ಗಂಟೆ. ಮೊದಲ ವಿಮಾನ ನಾಲ್ಕು ಗಂಟೆ ತಡವಾಯಿತು. ಇಳಿದು, ಪೆಟ್ಟಿಗೆ ತೆಗೆದುಕೊಂಡು ಓಡುವಷ್ಟರಲ್ಲಿ ಎರಡನೆಯ ಕೌಂಟರ್ ಮುಚ್ಚಿತ್ತು. ಮೊದಲ ಕಂಪನಿ ನಮ್ಮದಲ್ಲ ಅಂದಿತು, ಎರಡನೆಯದು ನೀವು ಬರಲಿಲ್ಲ ಅಂದಿತು. ರಾತ್ರಿಯಿಡೀ ಕುರ್ಚಿಯಲ್ಲಿ ಕೂತು, ಬೆಳಗ್ಗೆ ಹೊಸ ಟಿಕೆಟ್ಟಿಗೆ ಕೊಟ್ಟ ದುಡ್ಡು ಉಳಿಸಿದ್ದರ ಎರಡರಷ್ಟಾಯಿತು. ಅಕ್ಕ ಆ ರಾತ್ರಿ ಫೋನಿನಲ್ಲಿ ಅತ್ತದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಬೇರೆ ಟಿಕೆಟ್ ಆದರೆ ಪೆಟ್ಟಿಗೆ ಹೊರಗೆ ತೆಗೆದು ಮತ್ತೆ ಹಾಕಬೇಕಾಗುತ್ತದೆ, ಅದಕ್ಕೆ ಆ ದೇಶದ ವೀಸಾ ಬೇಕಾಗುತ್ತದೆ. ಇಲ್ಲಿ ನಮ್ಮ ಹೆಂಗಸರಿಗೆ ಇನ್ನೊಂದು ತೊಡಕು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟು ಒಂದೇ ಹೆಸರು ಇರುವವರು ನಮ್ಮಲ್ಲಿ ಬಹಳ. ಯುಎಇ 2022ರ ನವೆಂಬರ್‌ನಿಂದ ಅಂಥವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಕೊಡುವುದನ್ನು ನಿಲ್ಲಿಸಿತು. ಯಾವ ಟಿಕೆಟ್ ಆದರೂ ಪಾಸ್‌ಪೋರ್ಟಿನಲ್ಲಿರುವ ಅಕ್ಷರದ ಹಾಗೆಯೇ ಹೆಸರು ಇರಲಿ. ಮನೆತನದ ಹೆಸರಿಲ್ಲದವರು ಏನು ತುಂಬಬೇಕು ಅಂತ ಆ ಕಂಪನಿಯನ್ನೇ ಕೇಳಿ.

ಇದರ ಮೇಲೆ ಘಾಟಿ. ಜುಲೈನಲ್ಲಿ ಪುಷ್ಯ ಮಳೆ ಹೊಡೆಯುವಾಗ ಆಗುಂಬೆಯಲ್ಲೋ ಬಾಳೆಬರೆಯಲ್ಲೋ ಧರೆ ಕುಸಿದರೆ ದಾರಿ ಮುಚ್ಚುತ್ತದೆ, ಸುತ್ತಿ ಹೋಗಲು ಅರ್ಧ ದಿನ ಬೇಕು. ಬಜ್ಪೆಯ ದಾರಿ ಯಾರಿಗೆ ಸರಿ ಅಂದರೆ, ಮಳೆ ಇಲ್ಲದ ತಿಂಗಳಲ್ಲಿ, ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿ ಸಿಕ್ಕವರಿಗೆ. ಅಥವಾ ದುಬೈಯಲ್ಲಿ ಮಗನೋ ತಮ್ಮನೋ ಇದ್ದು, ನಾಲ್ಕು ದಿನ ಅಲ್ಲಿ ಉಳಿದು ಮುಂದೆ ಹೋಗುವವರಿಗೆ. ಅಂಥವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಉಳಿದವರಿಗೆ ನಾನು ಬೇಡ ಅನ್ನುತ್ತೇನೆ.

ಪೆಟ್ಟಿಗೆಯ ಲೆಕ್ಕ

ನಮ್ಮವರು ಕೈಬೀಸಿಕೊಂಡು ಹೋಗುವ ಪೈಕಿ ಅಲ್ಲ. ಅಪ್ಪೆಮಿಡಿ, ಹಲಸಿನ ಹಪ್ಪಳ, ಸಾರಿನ ಪುಡಿ, ಬಾಣಂತಿಯ ಸಾಮಾನು. ಆದ್ದರಿಂದ "ಲೈಟ್" ಅಂತ ಇರುವ ಅತಿ ಅಗ್ಗದ ಟಿಕೆಟ್ ತೆಗೆಯುವ ಮೊದಲು ಪೆಟ್ಟಿಗೆ ಸೇರಿದೆಯೇ, ಎಷ್ಟು ಕಿಲೋ, ಒಂದೋ ಎರಡೋ ಅಂತ ಓದಿ. ನಿಲ್ದಾಣದಲ್ಲಿ ಕಟ್ಟುವ ಹೆಚ್ಚುವರಿ ಲಗೇಜಿನ ದರ ಮೊದಲೇ ಆನ್‌ಲೈನಿನಲ್ಲಿ ತೆಗೆಯುವುದಕ್ಕಿಂತ ಹೆಚ್ಚು. ಓದಲು ಹೋಗುವ ಮಕ್ಕಳಿಗೆ ಕೆಲವು ಕಂಪನಿಗಳು ಹೆಚ್ಚು ಲಗೇಜು ಕೊಡುವ ವಿದ್ಯಾರ್ಥಿ ಟಿಕೆಟ್ ಇಟ್ಟಿವೆ, ಕೇಳಿಯೇ ತೆಗೆಯಿರಿ.

ತುಪ್ಪ ಒಯ್ಯಬೇಡಿ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧವಿದೆ. ಪೇಡೆಯೂ ಅದರಲ್ಲೇ ಬಂತು. ಕರಿಬೇವು, ವೀಳ್ಯದೆಲೆ, ಮಾವಿನ ಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಒಣ ಕೊಬ್ಬರಿಗೆ ಬೇಗ ಬೆಂಕಿ ಹಿಡಿಯುತ್ತದೆಂದು ನಮ್ಮ ನಿಲ್ದಾಣದಲ್ಲೇ ತೆಗೆಸುತ್ತಾರೆ. ಉಪ್ಪಿನಕಾಯಿಯನ್ನು ಗಟ್ಟಿಯಾಗಿ ಸೀಲು ಮಾಡಿ ದೊಡ್ಡ ಪೆಟ್ಟಿಗೆಯಲ್ಲೇ ಇಡಿ, ಕೈಚೀಲದಲ್ಲಿ ಬೇಡ.

ಯಾರಿಂದ, ಯಾವಾಗ ತೆಗೆಯುವುದು

ಹುಡುಕಲು ಯಾವ ಜಾಲತಾಣವಾದರೂ ಸರಿ, ತೆಗೆಯುವುದು ಕಂಪನಿಯ ತಾಣದಲ್ಲೇ ಇರಲಿ. ಮಧ್ಯವರ್ತಿ ತಾಣದಲ್ಲಿ ಸಾವಿರ ರೂಪಾಯಿ ಕಡಿಮೆ ಇದ್ದರೂ ವಿಮಾನ ರದ್ದಾದ ದಿನ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಹಾಗೆಂದು ಏಜೆಂಟರು ಬೇಡ ಅನ್ನುವುದಿಲ್ಲ. ಮೊಬೈಲ್ ಹಿಡಿಯಲು ಬಾರದ ಹಿರಿಯರಿಗೆ ಶಿವಮೊಗ್ಗದ ಅಂಗಡಿಯಲ್ಲಿ ಎದುರು ಕೂತು ಮಾತಾಡುವ ಏಜೆಂಟ್ ಕೊಡುವ ಧೈರ್ಯಕ್ಕೆ ಬೆಲೆ ಇದೆ. ಅವರ ಹತ್ತಿರ ಟಿಕೆಟ್ ಒಂದೋ ಎರಡೋ, ರದ್ದಾದರೆ ಎಷ್ಟು ವಾಪಸು, ದಿನಾಂಕ ಬದಲಿಸಲು ಎಷ್ಟು, ಮೂರನ್ನೂ ಬರೆಸಿಕೊಳ್ಳಿ.

ವೀಸಾ ಕೈಗೆ ಬರುವ ಮೊದಲು ವಾಪಸು ಸಿಗದ ಟಿಕೆಟ್ ತೆಗೆಯಬೇಡಿ. ಷೆಂಗೆನ್ ಅರ್ಜಿಗೆ ದುಡ್ಡು ಕಟ್ಟಿದ ಟಿಕೆಟ್ಟೇ ಬೇಕೆಂದಿಲ್ಲ, ಹೋಗಿಬರುವ ರಿಸರ್ವೇಶನ್ ಸಾಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹದಿನೈದು ದಿನ ಇರುವ ತನಕ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 15 ದಿನ, ಕೆಲವಕ್ಕೆ 45 ದಿನದವರೆಗೂ ಹಿಡಿಯುತ್ತದೆ. 2024ರ ಜೂನ್ 11ರಿಂದ ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 11 ವರ್ಷದವರಿಗೆ 45. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೇಸಿಗೆಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾದ್ದರಿಂದ ಮೇನಲ್ಲಿ ಹೊರಡುವವರು ಜನವರಿಯಲ್ಲೇ ಕೂರಬೇಕು.

ಈ ಸಲ ಹೊಸನಗರದ ಹತ್ತಿರದ ಒಬ್ಬರು ಅಮ್ಮ ಮಗಳ ಬಾಣಂತನಕ್ಕೆ ಮ್ಯೂನಿಕ್‌ಗೆ ಹೊರಟಿದ್ದಾರೆ. ಮೊದಲ ವಿಮಾನ ಪ್ರಯಾಣ. ಮಂಗಳೂರಿನ ಎರಡು ಟಿಕೆಟ್ಟಿನ ಜೋಡಣೆ ಎಲ್ಲಕ್ಕಿಂತ ಅಗ್ಗವಾಗಿ ಕಂಡಿತ್ತು. ಕೂತು ಲೆಕ್ಕ ಹಾಕಿದೆವು. ಕೊನೆಗೆ ಬೆಂಗಳೂರಿಂದ ನೇರ, ಹೋಗುವುದು ಮೇ ಮೊದಲ ವಾರದ ಬುಧವಾರ, ವಾಪಸಿನ ದಿನಾಂಕ ಬದಲಿಸಬಹುದಾದ ಟಿಕೆಟ್. ತಿಂಗಳನ್ನು ಹಿಂದಕ್ಕೆ ತಂದಿದ್ದರಿಂದ ಉಳಿದ ದುಡ್ಡು ಆ ಟಿಕೆಟ್ಟಿನ ಹೆಚ್ಚುವರಿ ಬೆಲೆಗೆ ಸರಿಹೋಯಿತು. ಅವರ ವಿಮಾನ ಬೆಳಗಿನ ಜಾವದ್ದು. ಟಿಕೆಟ್ಟಿನಲ್ಲಿ 6ನೇ ತಾರೀಕು ಅಂತ ಇದೆ. ಅಂದರೆ ನಿಲ್ದಾಣದಲ್ಲಿ ಇರಬೇಕಾದದ್ದು 5ರ ರಾತ್ರಿ, ಮನೆ ಬಿಡಬೇಕಾದದ್ದು 5ರ ಬೆಳಗ್ಗೆ. ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ 5ಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಬಂದಿದ್ದೇನೆ.